ಮಳೆ ಬಿಟ್ಟ ಮೇಲೆ ಮಲೆನಾಡಿನ ರಸ್ತೆ ಬದಿಯಲ್ಲಿ ಪ್ರಾಣಿ-ಪಕ್ಷಿ ನೋಡಲು ಯಾವ ಹೊತ್ತು, ಎಲ್ಲಿ ನಿಲ್ಲಬೇಕು?

ತುಂಗೆಯ ದಂಡೆ:

ಎಲ್ಲರಿಗೂ ನಮಸ್ಕಾರ. ಚಿತ್ತೆ ಮಳೆ ಮುಗಿದು ಸ್ವಾತಿ ಹಿಡಿಯುವ ಹೊತ್ತಿಗೆ, ಅಂದರೆ ಅಕ್ಟೋಬರ್ ಕೊನೆಯ ವಾರ, ಎರಡು ದಿನ ಕಾರಿನಲ್ಲಿ ಹೊರಡುವ ಯೋಚನೆ ಇದೆ. ಮೊದಲ ದಿನ ಶಿವಮೊಗ್ಗದಿಂದ ಗಾಜನೂರು, ಮಂಡಗದ್ದೆ, ತೀರ್ಥಹಳ್ಳಿ ಮೇಲೆ ಆಗುಂಬೆ. ರಾತ್ರಿ ತೀರ್ಥಹಳ್ಳಿಯಲ್ಲಿ ತಂಗಿ, ಮರುದಿನ ಕವಲೇದುರ್ಗದ ದಾರಿ, ಮಾಸ್ತಿಕಟ್ಟೆ, ನಗರ, ಹೊಸನಗರ, ಸಾಗರ. ಜೊತೆಗೆ ಅಪ್ಪ, ಅಮ್ಮ, ಹತ್ತು ವರ್ಷದ ಮಗಳು.

ಸಫಾರಿ ಬೇಡ. ಊರು-ಕಾಡಿನ ರಸ್ತೆಯಲ್ಲಿ ಸಿಗುವುದನ್ನೇ ಸರಿಯಾಗಿ ನೋಡಬೇಕು. ಮೂರು ಪ್ರಶ್ನೆ: ಬೇಸಿಗೆಯಲ್ಲಿ ಹಿನ್ನೀರಿನ ಅಂಚಿಗೆ ಹೋದರೆ ಏನಾದರೂ ಕಾಣುತ್ತದೆ, ಈ ಕಾಲದಲ್ಲಿ ಎಲ್ಲಿ ನೋಡಬೇಕು? ರಸ್ತೆ ಬದಿ ಪೂರ್ತಿ ಹುಲ್ಲು, ಯುಪಟೋರಿಯಂ ಕಳೆ ಬೆಳೆದು ಗೋಡೆಯಾಗಿರುತ್ತದಲ್ಲ, ಅದರಾಚೆ ನೋಡುವುದು ಹೇಗೆ? ರಾತ್ರಿ ಒಂದು ಸುತ್ತು ಹೋಗುವುದು ಸರಿಯೇ?

ಕಾನಂಚು:

ಮೇಡಂ, ಒಳ್ಳೆಯ ಕಾಲ ಆರಿಸಿದ್ದೀರಿ. ಮೊದಲ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ, ಉಳಿದದ್ದೆಲ್ಲ ಅದರ ಮೇಲೆ ನಿಂತಿದೆ.

ಅಕ್ಟೋಬರಿನಲ್ಲಿ ನೀರನ್ನು ಹುಡುಕಿಕೊಂಡು ಹೋಗಬೇಡಿ. ಲಿಂಗನಮಕ್ಕಿ, ಮಾಣಿ, ಭದ್ರಾ ಎಲ್ಲವೂ ತುಂಬಿಕೊಂಡು ನೀರು ಮರದ ಬುಡದವರೆಗೆ ಬಂದಿರುತ್ತದೆ. ಹಿನ್ನೀರು ಇಳಿದು ಹಸಿ ಹುಲ್ಲಿನ ಪಟ್ಟಿ ಏಳುವುದು ಬೇಸಿಗೆಯ ಕಡೆಗೆ, ಕಾಟಿ (ಕಾಡುಕೋಣ), ಕಡವೆಗಳು ಅಲ್ಲಿಗೆ ಇಳಿಯುವುದೂ ಆಗಲೇ. ಈಗ ಕಾಡಿನ ಪ್ರತಿ ಸರಲಿನಲ್ಲೂ (ಸಣ್ಣ ಹಳ್ಳದಲ್ಲೂ) ನೀರಿದೆ, ಪ್ರಾಣಿ ಒಂದೆಡೆ ಸೇರಬೇಕಾದ ಅಗತ್ಯವೇ ಇಲ್ಲ.

ಈಗ ಅವುಗಳಿಗೆ ಕಡಿಮೆ ಇರುವುದು ಬಿಸಿಲು. ನಾಲ್ಕು ತಿಂಗಳು ಸೋರಿದ ಕಾಡು ಒಳಗೆ ಇನ್ನೂ ತೊಟ್ಟಿಕ್ಕುತ್ತಿರುತ್ತದೆ. ಹಾಗಾಗಿ ಬೆಳಿಗ್ಗೆ ಮೊದಲ ಬಿಸಿಲು ಬೀಳುವ ಜಾಗ ನೋಡಿ: ಕಾನಿಗೆ (ದಟ್ಟ ಕಾಡಿಗೆ) ತಾಗಿದ ಬ್ಯಾಣ (ಹುಲ್ಲುಗಾವಲು), ಗದ್ದೆ ಮತ್ತು ಕಾಡು ಕೂಡುವ ಅಂಚು, ಪೂರ್ವಕ್ಕೆ ಮುಖ ಮಾಡಿದ ದರೆ (ಕಡಿದಾದ ಮಣ್ಣಿನ ಅಂಚು), ವಿದ್ಯುತ್ ತಂತಿಯ ಕೆಳಗೆ ಮರ ಕಡಿದ ಸೀಳು. ಎರಡನೆಯದು ಬೆಳೆ. ಭೂಮಿ ಹುಣ್ಣಿಮೆ ಕಳೆದರೆ ಭತ್ತ ಹಾಲುದುಂಬಿ ಬಲಿಯತೊಡಗುತ್ತದೆ. ಕಾಡುಹಂದಿ, ಕಾಟಿ, ಮುಳ್ಳುಹಂದಿ ರಾತ್ರಿ ಇಳಿದು ಬೆಳಕು ಹರಿಯುವ ಮೊದಲು ಮರಳುತ್ತವೆ. ನವಿಲು, ಕಾಡುಕೋಳಿ ಬೆಳಕಾದ ಮೇಲೆ ಬರುತ್ತವೆ. ಮೂರನೆಯದನ್ನು ಹೆಚ್ಚಿನವರು ಗಮನಿಸುವುದಿಲ್ಲ: ಮಳೆ ಬಿಟ್ಟ ಮೇಲೆ ರಸ್ತೆ ಬದಿ ಜಂಗಲ್ ಕಟಿಂಗ್ ಮಾಡುತ್ತಾರೆ. ಸವರಿದ ಜಾಗದಲ್ಲಿ ಎರಡು ಮೂರು ವಾರಕ್ಕೆ ಎಳೆ ಚಿಗುರು ಬರುತ್ತದೆ, ಕಾಡುಕುರಿ (ಬೊಗಳುವ ಸಣ್ಣ ಜಿಂಕೆ), ಮೊಲ ಅದಕ್ಕಾಗಿ ರಸ್ತೆಗೇ ಬರುತ್ತವೆ. ಕಟಿಂಗ್ ಆದ ಕಡೆ ಆಗದ ಕಡೆಗಿಂತ ನಿಧಾನ ಹೋಗಿ.

ಹೊತ್ತು: ಅಕ್ಟೋಬರ್ ಕೊನೆಗೆ ನಮ್ಮಲ್ಲಿ ಸೂರ್ಯೋದಯ ಸುಮಾರು ಆರೂಕಾಲು ದಾಟಿ, ಸೂರ್ಯಾಸ್ತ ಆರು ಗಂಟೆಯ ಆಸುಪಾಸು. ಆರಕ್ಕೆ ಮೊದಲ ಜಾಗದಲ್ಲಿ ನಿಂತಿರಬೇಕು, ಆರಕ್ಕೆ ಮನೆ ಬಿಡುವುದಲ್ಲ. ಮಂಜು ಕವಿದಿದ್ದರೆ ಬೇಸರ ಬೇಡ, ಅದು ಏಳೂವರೆ ಎಂಟಕ್ಕೆ ಹರಿಯುವಾಗ ಇನ್ನೊಂದು ಒಳ್ಳೆಯ ಅವಧಿ ಸಿಗುತ್ತದೆ. ಕೆಂದಳಿಲು, ಮುಸಿಯ (ಕಪ್ಪು ಮುಖದ ಲಂಗೂರ್), ಮಂಗಟ್ಟೆ (ಹಾರ್ನ್‌ಬಿಲ್ ಹಕ್ಕಿ) ಮೈ ಒಣಗಿಸಲು ಮರದ ತುದಿಗೆ ಬರುವುದು ಆಗಲೇ. ಹತ್ತರಿಂದ ಮೂರೂವರೆ ತನಕ ಊಟ, ಕೋಟೆ, ದೇವಸ್ಥಾನ ಇಟ್ಟುಕೊಳ್ಳಿ. ಹಿಂಗಾರಿನ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುವುದರಿಂದ ಸಂಜೆಯನ್ನೊಂದೇ ನಂಬಿ ಕೂರಬೇಡಿ. ಮಳೆ ಬಂದು ಐದಕ್ಕೆ ನಿಂತರೆ ಮಾತ್ರ ಆ ಮುಂದಿನ ಒಂದು ಗಂಟೆ ಬಹಳ ಚೆನ್ನಾಗಿರುತ್ತದೆ.

ನಿಲ್ಲುವ ಕ್ರಮ. ಕಾರು ಓಡುತ್ತಿರುವಾಗ ಕಾಣುವುದಕ್ಕಿಂತ ನಿಂತಾಗ ಕಾಣುವುದು ಹೆಚ್ಚು. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗಿ ಒಳ್ಳೆಯ ಅಂಚು ಸಿಕ್ಕಲ್ಲೆಲ್ಲ ನಿಲ್ಲಿ. ಎಂಜಿನ್ ಆಫ್, ನಾಲ್ಕೂ ಕಿಟಕಿ ಇಳಿಸಿ, ಬಾಗಿಲು ತೆರೆಯಬೇಡಿ, ಕನಿಷ್ಠ 10 ನಿಮಿಷ. ಮೊದಲ ಮೂರು ನಾಲ್ಕು ನಿಮಿಷ ಕಾಡು ನಿಮ್ಮ ಗದ್ದಲಕ್ಕೆ ಸುಮ್ಮನಾಗಿರುತ್ತದೆ. ಹೆಚ್ಚಿನವರು ಆಗಲೇ "ಏನೂ ಇಲ್ಲ" ಎಂದು ಹೊರಟುಬಿಡುತ್ತಾರೆ. ಕಾರಿನ ಒಳಗಿದ್ದರೆ ಮನುಷ್ಯನ ಆಕಾರ ಕಾಣುವುದಿಲ್ಲ. ಇಳಿದ ಕೂಡಲೇ ಪ್ರಾಣಿ ಓಡುತ್ತದೆ.

ಎಲ್ಲಿ ನಿಲ್ಲಿಸಬೇಕು ಎಂಬುದು ಈ ಕಾಲದಲ್ಲಿ ಸಣ್ಣ ವಿಷಯವಲ್ಲ. ರಸ್ತೆಯಂಚಿನ ಮಣ್ಣು ಇನ್ನೂ ಮೆತ್ತಗಿರುತ್ತದೆ, ಚರಂಡಿಯ ಮೇಲೆ ಹುಲ್ಲು ಮುಚ್ಚಿ ನೆಲದಂತೆಯೇ ಕಾಣುತ್ತದೆ. ಟಾರಿನಿಂದ ಒಂದು ಚಕ್ರ ಇಳಿಸಿದರೆ ಹೂತುಹೋಗುತ್ತದೆ. ಬಸ್ ತಂಗುದಾಣ, ಮನೆಗಳಿಗೆ ತಿರುಗುವ ಮಣ್ಣು ರಸ್ತೆಯ ಬಾಯಿ, ಹಾಲಿನ ಡೇರಿ ಮುಂದಿನ ಜಾಗ ಇಂಥ ಕಡೆ ನಿಲ್ಲಿಸಿ. ಯಾರದಾದರೂ ಉಣುಗೋಲಿಗೆ (ಬೇಲಿಯ ಬಾಗಿಲಿಗೆ) ಅಡ್ಡ ನಿಲ್ಲಿಸಬೇಡಿ, ಬೆಳಗ್ಗೆ ದನ ಹೊಡೆಯುವ ಹೊತ್ತು. ತಿರುವಿನಲ್ಲಂತೂ ಬೇಡವೇ ಬೇಡ.

ಹುಲ್ಲಿನ ಗೋಡೆಗೆ ಉಪಾಯ ದುರ್ಬೀನು. ಬರಿಗಣ್ಣು ಎದುರಿನ ಎಲೆಯ ಮೇಲೇ ನಿಲ್ಲುತ್ತದೆ. ದುರ್ಬೀನಿನ ಫೋಕಸನ್ನು 20–30 ಮೀಟರ್ ಒಳಗಿನ ಒಂದು ಕಾಂಡದ ಮೇಲೆ ಕೂರಿಸಿದರೆ ಹತ್ತಿರದ ಎಲೆಗಳು ಮಸುಕಾಗಿ ಕರಗಿ ಹಿಂದಿನದು ಕಾಣತೊಡಗುತ್ತದೆ. ನಿಧಾನ ಎಡದಿಂದ ಬಲಕ್ಕೆ ಸರಿಸಿ. ಇಡೀ ಪ್ರಾಣಿಯನ್ನು ಹುಡುಕಬೇಡಿ. ಕಾಡಿನಲ್ಲಿ ಗೆರೆಗಳೆಲ್ಲ ಲಂಬ, ಮಧ್ಯೆ ಅಡ್ಡ ಗೆರೆ ಕಂಡರೆ ಅದು ಬಿದ್ದ ಮರ ಅಥವಾ ಬೆನ್ನು. ಅಲ್ಲಾಡುವ ಕಿವಿ, ಕಾಟಿಯ ಮೊಣಕಾಲ ಕೆಳಗಿನ ಬಿಳಿ, ಕಡವೆಯ ಎತ್ತಿದ ಬಾಲ ಮೊದಲು ಕಾಣುತ್ತವೆ.

ಕಿವಿಗೂ ಕೆಲಸ ಕೊಡಿ. ನಾಯಿ ಬೊಗಳಿದ ಹಾಗೆ ಒಂದೇ ಸಮ ಕೇಳಿದರೆ, ಹತ್ತಿರ ಮನೆ ಇಲ್ಲದಿದ್ದರೆ, ಅದು ಕಾಡುಕುರಿ. ಮುಸಿಯಗಳು "ಖಕ್ ಖಕ್" ಎಂದು ಕೆಮ್ಮುತ್ತ ಒಂದೇ ದಿಕ್ಕಿಗೆ ನೋಡುತ್ತಿದ್ದರೆ ನೀವೂ ಆ ದಿಕ್ಕಿನ ನೆಲ ನೋಡಿ. ಚಿರತೆ ನಿಮಗೆ ಕಾಣದೆ ಹೋಗಬಹುದು, ಆದರೆ ಮಗಳಿಗೆ ಆ ಕೂಗು ಒಮ್ಮೆ ಕೇಳಿಸಿದರೆ ಸಾಕು, ಮುಂದೆ ಅವಳೇ ಗುರುತಿಸುತ್ತಾಳೆ.

ನಿಮ್ಮ ದಾರಿಯಲ್ಲಿ: ಸಕ್ರೆಬೈಲು ದಾಟಿ ಮಂಡಗದ್ದೆ ತನಕ ಶೆಟ್ಟಿಹಳ್ಳಿ ಕಡೆಯ ಕಾಡು, ಜಿಂಕೆ ನವಿಲಿಗೆ ಬೆಳಗಿನ ಮೊದಲ ಗಂಟೆ. ಆಮೇಲೆ ಹೆದ್ದಾರಿಯ ಲಾರಿ ಸದ್ದಿನಲ್ಲಿ ಏನೂ ನಿಲ್ಲುವುದಿಲ್ಲ. ಮೇಗರವಳ್ಳಿಯಿಂದ ಆಗುಂಬೆವರೆಗೆ ನಿತ್ಯಹರಿದ್ವರ್ಣ, ಅಲ್ಲಿ ಜಿಂಕೆ ನಿರೀಕ್ಷೆ ಬೇಡ, ಕತ್ತು ಎತ್ತಿ ಮೇಲೆ ನೋಡುವ ಜಾಗ ಅದು. ಎರಡನೇ ದಿನದ ಕವಲೇದುರ್ಗ–ಮಾಸ್ತಿಕಟ್ಟೆ ದಾರಿಯೇ ನನ್ನ ಲೆಕ್ಕದಲ್ಲಿ ಉತ್ತಮ. ವಾಹನ ಕಡಿಮೆ, ಕಾನು, ಗದ್ದೆ, ತೋಟ ಒಂದರ ಪಕ್ಕ ಒಂದು. ಬೆಳಗಿನ ಹೊತ್ತನ್ನು ಅದಕ್ಕೇ ಇಡಿ.

ಮಂಗಟ್ಟೆ ಹಾದಿ:

ಮೇಲಿನವರು ಹೇಳಿದ್ದಕ್ಕೆ ಹಕ್ಕಿಗಳ ಕಡೆಯಿಂದ ಸೇರಿಸುತ್ತೇನೆ.

ದಾರಿಯಲ್ಲಿ ಹಣ್ಣು ಬಿಟ್ಟ ಅತ್ತಿ, ಬಸರಿ, ಗೋಳಿ ಮರ ಸಿಕ್ಕರೆ ಉಳಿದ ಯೋಜನೆ ಬಿಟ್ಟು ಅಲ್ಲೇ ಒಂದು ಗಂಟೆ ಕೂರಿ. ಈ ಜಾತಿಯ ಮರಗಳು ಎಲ್ಲ ಒಟ್ಟಿಗೆ ಹಣ್ಣಾಗುವುದಿಲ್ಲ, ಒಂದೊಂದು ಒಂದೊಂದು ಕಾಲಕ್ಕೆ. ಆದ್ದರಿಂದ ಹಣ್ಣಾದ ಒಂದು ಮರಕ್ಕೆ ಸುತ್ತಲ ಕಾಡಿನ ಮಂಗಟ್ಟೆ, ಕುಟ್ರ, ಹಸಿರು ಪಾರಿವಾಳ, ಕೆಂದಳಿಲು ಎಲ್ಲ ಬರುತ್ತವೆ. ಗುರುತಿಸುವುದು ಸುಲಭ: ಮರದ ಕೆಳಗೆ ಟಾರಿನ ಮೇಲೆ ಹಣ್ಣು ಉದುರಿ ಜಜ್ಜಿ ಕಲೆಯಾಗಿರುತ್ತದೆ. ಮಂಗಟ್ಟೆ ಗೂಡು ಕಟ್ಟುವುದು ಬೇಸಿಗೆಯಲ್ಲಿ, ಈಗ ಜೋಡಿಗಳು ಬಿಡಿಯಾಗಿರದೆ ಗುಂಪಾಗಿ ತಿರುಗುತ್ತವೆ. ಗಹಗಹಿಸಿ ನಕ್ಕಂತೆ ಕೇಳುವುದು ಬೂದು ಮಂಗಟ್ಟೆ. ರೆಕ್ಕೆಯ ಬುಸ್ ಬುಸ್ ಸದ್ದು ದೂರದಿಂದಲೇ ಬಂದರೆ ದಾಸ ಮಂಗಟ್ಟೆ, ಕಾರಿನಿಂದ ಇಳಿಯದೆ ಆಕಾಶದ ಸೀಳನ್ನು ನೋಡಿ.

ಈ ಕಾಲದ ಇನ್ನೊಂದು ವಿಶೇಷ ಮಿಶ್ರ ಬೇಟೆ ತಂಡ. ಮರಿ ಮಾಡುವ ಕಾಲ ಮುಗಿದ ಮೇಲೆ ಬೇರೆ ಬೇರೆ ಜಾತಿಯ ಹುಳುತಿನಿ ಹಕ್ಕಿಗಳು ಒಟ್ಟಾಗಿ ಸಾಗುತ್ತವೆ. ಅರ್ಧ ಗಂಟೆ ಮೌನವಾಗಿದ್ದ ಕಾಡಿನಲ್ಲಿ ಐದು ನಿಮಿಷದಲ್ಲಿ ಹತ್ತು ಹನ್ನೆರಡು ಜಾತಿ ಹಾದುಹೋಗುತ್ತವೆ. ಮುಂದೆ ಭೀಮರಾಜನ ಲೋಹ ಬಡಿದಂಥ ಕೂಗು ಕೇಳಿದರೆ ತಂಡ ಬರುತ್ತಿದೆ ಎಂದೇ ತಿಳಿಯಿರಿ. ಬೆನ್ನಟ್ಟಬೇಡಿ, ನಿಂತಲ್ಲೇ ನಿಂತರೆ ಅವು ತಲೆಯ ಮೇಲೇ ದಾಟುತ್ತವೆ.

ವಲಸೆ ಹಕ್ಕಿಗಳು ಬಂದು ನೆಲೆಯಾಗುವ ಹೊತ್ತೂ ಇದೇ. ಹಳ್ಳದ ಮೋರಿಯ ಮೇಲೆ ಬಾಲ ಕುಣಿಸುವ ಬೂದು ಸಿಪಿಲೆ, ತಂತಿ ಮೇಲೆ ಸಾಲಾಗಿ ಕವಲುತೋಕೆ, ತೋಟದಂಚಿನ ದರಕಿನಲ್ಲಿ (ಒಣ ಎಲೆಯ ಹಾಸಿನಲ್ಲಿ) ಕುಪ್ಪಳಿಸುವ ನವರಂಗ. ನವರಂಗ ಸಂಜೆ ಕತ್ತಲಾಗುವ ಮುನ್ನ ಮತ್ತು ನಸುಕಿನಲ್ಲಿ ಎರಡು ಸ್ವರದ ಸಿಳ್ಳೆ ಹಾಕುತ್ತದೆ, ಕಂಡು ಹಿಡಿಯುವುದಕ್ಕಿಂತ ಕೇಳಿ ಹಿಡಿಯುವುದು ಸುಲಭ. ಮಂಡಗದ್ದೆಯ ತುಂಗಾ ನಡುಗಡ್ಡೆಗಳಲ್ಲಿ ಗೂಡಿನ ಗದ್ದಲ ಮಳೆಗಾಲದಲ್ಲೇ ಹೆಚ್ಚು, ನೀವು ಹೋಗುವಾಗ ಬೆಳ್ಳಕ್ಕಿ, ನೀರುಕಾಗೆ ಕಡಿಮೆಯಾಗಿರುತ್ತವೆ. ವೀಕ್ಷಣಾ ಗೋಪುರಕ್ಕೆ ಕಾಲು ಗಂಟೆ ಸಾಕು. ಸಾಗರ ತಲುಪಿದ ಮೇಲೆ ಸಮಯ ಉಳಿದರೆ ಸೊರಬ ತಾಲ್ಲೂಕಿನ ಗುಡವಿ ಕೆರೆ ಸೇರಿಸಿಕೊಳ್ಳಿ, ಕರಿತಲೆಯ ಕೆಂಬರಲು (ಐಬಿಸ್) ಹಕ್ಕಿಗಳಿಗಾಗಿ.

ದುರ್ಬೀನು 8×42 ಇರಲಿ. 42 ಮಿ.ಮೀ. ಗಾಜನ್ನು 8ರಿಂದ ಭಾಗಿಸಿದರೆ ಕಣ್ಣಿಗೆ ಬರುವ ಬೆಳಕಿನ ವೃತ್ತ 5 ಮಿ.ಮೀ.ಗಿಂತ ಸ್ವಲ್ಪ ಹೆಚ್ಚು, ಕಾನಿನ ಕತ್ತಲಿಗೆ ಅಷ್ಟು ಬೇಕು. 8×25ರ ಪುಟ್ಟದರಲ್ಲಿ ಅದು 3 ಮಿ.ಮೀ. ಮಾತ್ರ, ಬ್ಯಾಣದಲ್ಲಿ ಚೆನ್ನ, ಆಗುಂಬೆಯ ಒಳಗೆ ಕಪ್ಪು. 12, 16 ಪಟ್ಟಿನದು ಕೈ ನಡುಗಿ ಮಗುವಿಗೆ ಏನೂ ಕಾಣುವುದಿಲ್ಲ. ಮನೆಗೆ ಬಂದ ಮೇಲೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಡಿ, ನಮ್ಮ ಹವೆಯಲ್ಲಿ ಲೆನ್ಸಿಗೆ ಬೂಸ್ಟು ಹಿಡಿಯುವುದು ಬಹಳ ಬೇಗ.

ಸೀತಾನದಿ:

ರಾತ್ರಿಯ ಬಗ್ಗೆ ಕೇಳಿದ್ದೀರಿ. ಪ್ರಾಣಿ ನೋಡಲೆಂದೇ ರಾತ್ರಿ ಕಾಡಿನ ರಸ್ತೆಗೆ ಇಳಿಯಬೇಡಿ ಎಂಬುದು ನನ್ನ ಖಚಿತ ಅಭಿಪ್ರಾಯ. ದಾರಿಯಲ್ಲಿ ಕತ್ತಲಾಯಿತು, ಊರು ಸೇರಬೇಕು ಎಂದರೆ ಆಗ ಹೇಗೆ ನೋಡಬೇಕು ಎಂದು ಹೇಳುತ್ತೇನೆ.

ಕಾರಣ ಲೆಕ್ಕದಲ್ಲಿದೆ. ಡಿಮ್ ಲೈಟು ಚೆನ್ನಾಗಿ ತೋರಿಸುವುದು 40–50 ಮೀಟರ್. ಒದ್ದೆ ಟಾರಿನಲ್ಲಿ 60 ಕಿ.ಮೀ. ವೇಗದಲ್ಲಿದ್ದರೆ, ಕಂಡು ಬ್ರೇಕ್ ಒತ್ತುವ ಹೊತ್ತನ್ನೂ ಸೇರಿಸಿ, ಕಾರು ನಿಲ್ಲಲು 55 ಮೀಟರ್ ಹತ್ತಿರ ಬೇಕು. 40ರಲ್ಲಾದರೆ ಸುಮಾರು 30 ಮೀಟರ್. ಅಂದರೆ 60ರಲ್ಲಿ ಹೋಗುವವರು ಪ್ರಾಣಿಯನ್ನು ಕಾಣುವಾಗಲೇ ತಡವಾಗಿರುತ್ತದೆ. ಹೈಬೀಮ್ ಹಾಕಿದರೆ ಸರಿ ಎನ್ನಬೇಡಿ, ಮಂಜಿನಲ್ಲಿ ಅದು ಬಿಳಿ ಪರದೆಯಾಗಿ ಮುಖಕ್ಕೇ ಬರುತ್ತದೆ. ಕಣ್ಣು ಕುಕ್ಕಿದ ಪ್ರಾಣಿಯೂ ನಿಂತಲ್ಲೇ ನಿಲ್ಲುತ್ತದೆ.

ಕಣ್ಣಿನ ಹೊಳಪಿಗೆ ಕಾರಣ ರೆಟಿನಾದ ಹಿಂದಿನ ಕನ್ನಡಿಯಂಥ ಪೊರೆ. ಬಣ್ಣ ಬೆಳಕಿನ ಕೋನಕ್ಕೆ ತಕ್ಕಂತೆ ಬದಲಾಗುವುದರಿಂದ ಬಣ್ಣವೊಂದನ್ನೇ ನಂಬಬೇಡಿ. ಎತ್ತರ, ಎರಡು ಕಣ್ಣಿನ ನಡುವಿನ ಅಂತರ, ಚಲನೆ ನೋಡಿ. ರಸ್ತೆಗೆ ಅಂಟಿಕೊಂಡಂತೆ ಕೆಂಡದ ಬಣ್ಣದ ಒಂದೇ ಚುಕ್ಕೆ: ನತ್ತಿಂಗ ಹಕ್ಕಿ. ಟಾರು ಹಗಲಿನ ಬಿಸಿ ಹಿಡಿದಿರುತ್ತದೆ, ಮೇಲೆ ಹುಳು ಹಿಡಿಯಲು ಬಯಲು, ಅದಕ್ಕೇ ಅಲ್ಲಿ ಕೂರುತ್ತದೆ, ಕೊನೆಯ ಕ್ಷಣದವರೆಗೆ ಏಳುವುದಿಲ್ಲ. ಡಿಮ್ ಮಾಡಿ 20 ಮೀಟರ್ ದೂರದಲ್ಲಿ ನಿಂತರೆ ಚೆನ್ನಾಗಿ ನೋಡಬಹುದು, ತಾನಾಗಿ ಹಾರುತ್ತದೆ. ಸೊಂಟದೆತ್ತರದಲ್ಲಿ ಹಲವು ಜೋಡಿ: ಜಿಂಕೆ, ಕಡವೆ, ಅಥವಾ ಊರ ದನ. ಮರದ ಕೊಂಬೆಯಲ್ಲಿ ಓಡಿ ನಿಂತು ಮತ್ತೆ ನೋಡುವ ಜೋಡಿ: ಪುನುಗು ಬೆಕ್ಕು. ಎತ್ತರದಲ್ಲಿ ಒಂದಕ್ಕೊಂದು ತೀರಾ ಹತ್ತಿರ ಇರುವ ಕೆಂಪು ಜೋಡಿ, ನಿಧಾನ ಚಲನೆ: ಕಾಡುಪಾಪ. ಹುಲ್ಲಿನ ಮೇಲೆ ಸೂಜಿ ಮೊನೆಯಷ್ಟು ನೀಲಿ-ಹಸಿರು ಚುಕ್ಕೆಗಳು ಜೇಡಗಳು, ಪ್ರಾಣಿಯಲ್ಲ.

ಮುಖ್ಯವಾದದ್ದು: ಹಂದಿಗೆ ಈ ಪೊರೆ ಇಲ್ಲ. ಕಾಡುಹಂದಿಯ ಕಣ್ಣು ಹೊಳೆಯುವುದಿಲ್ಲ, ಮೈ ಕಪ್ಪು, ಭತ್ತದ ಕಾಲದಲ್ಲಿ ಗುಂಪಾಗಿ ರಸ್ತೆ ದಾಟುತ್ತದೆ. ಹೊಳೆಯುವ ಕಣ್ಣು ಕಾಯುತ್ತ ಕುಳಿತವರು ಗುದ್ದುವುದು ಇದಕ್ಕೆ. ಕಾಟಿಗೆ ಹೊಳಪು ಇದ್ದರೂ ತಲೆ ಡಿಮ್ ಲೈಟಿನ ಎತ್ತರಕ್ಕಿಂತ ಮೇಲಿರುತ್ತದೆ, ಮೊದಲು ಕಾಣುವುದು ನಾಲ್ಕು ಬಿಳಿ ಕಾಲು ಮಾತ್ರ.

ಬಿಸಿಲು ಬಿದ್ದ ದಿನದ ಸಂಜೆ ಹಾವುಗಳೂ ಟಾರಿಗೆ ಬರುತ್ತವೆ. ಹಿಂದಿನವರಿಗೆ ಗೊತ್ತಾಗಲು ನಾಲ್ಕೂ ಇಂಡಿಕೇಟರ್ ಹಾಕಿ ನಿಂತು, ದಾಟುವವರೆಗೆ ಕಾಯಿರಿ. ಕೋಲಿನಿಂದ ಸರಿಸಲು ಹೋಗಬೇಡಿ. ಕಾಡಿನೊಳಗೆ ದೊಡ್ಡ ಟಾರ್ಚ್ ಬಿಡುವುದಂತೂ ಬೇಡ. ಬೆಳೆ ಕಾಯುವವರಿಗೂ ಇಲಾಖೆಯವರಿಗೂ ಅದು ಬೇಟೆಯವರ ಬೆಳಕು.

ತುಂಗೆಯ ದಂಡೆ:

ಬಹಳ ಉಪಕಾರವಾಯಿತು, ರಾತ್ರಿ ಸುತ್ತು ಬಿಟ್ಟೆ. ಇನ್ನೊಂದು ಕೇಳಬೇಕು. ಕಾಟಿ ಹಿಂಡು ಎದುರಾದರೆ ಎಷ್ಟು ದೂರದಲ್ಲಿ ನಿಲ್ಲಬೇಕು? ಹಾರ್ನ್ ಹಾಕಿದರೆ ಓಡುತ್ತವೆ ಎನ್ನುತ್ತಾರೆ. ಸಿಂಗಳೀಕ ಕಂಡರೆ ಮಗಳನ್ನು ಇಳಿಸಿ ತೋರಿಸಬಹುದೇ?

ಕಾನಂಚು:

ಹಾರ್ನ್ ಬೇಡ. ಬೆದರಿದ ಹಿಂಡು ಎರಡಾಗಿ ಒಡೆಯುತ್ತದೆ, ಕರು ಒಂದು ಕಡೆ ತಾಯಿ ಒಂದು ಕಡೆ ಆದರೆ ತಾಯಿ ಮತ್ತೆ ರಸ್ತೆಗೆ ನುಗ್ಗುತ್ತದೆ, ಆಗ ಅದರ ದಾರಿಯಲ್ಲಿ ಇರುವುದು ನಿಮ್ಮ ಕಾರು. ಬಲಿತ ಗಂಡು ಕಾಟಿಯ ತೂಕ ಸಾವಿರ ಕಿಲೋದ ಹತ್ತಿರ ಇರಬಹುದು. 50 ಮೀಟರ್ ಬಿಟ್ಟು ನಿಲ್ಲಿ, ಎಂಜಿನ್ ಚಾಲೂ ಇರಲಿ, ಲೈಟ್ ಡಿಮ್. ಒಂದು ದಾಟಿತು ಎಂದು ಹೊರಡಬೇಡಿ, ಹಿಂದೆ ಉಳಿದವು ಪೊದೆಯಲ್ಲಿ ನಿಂತು ನಿಮ್ಮನ್ನೇ ನೋಡುತ್ತಿರುತ್ತವೆ. ಕೊನೆಯದು ದಾಟಿದ ಮೇಲೂ ಎರಡು ನಿಮಿಷ ಬಿಡಿ.

ನಮ್ಮ ರಸ್ತೆಗಳಲ್ಲಿ ಒಂದು ತೊಡಕಿದೆ. ಒಂದು ಬದಿ ಕಡಿದಾದ ದರೆ, ಇನ್ನೊಂದು ಬದಿ ಇಳಿಜಾರು ಅಥವಾ ತಡೆಗೋಡೆ ಇರುವಲ್ಲಿ ಕಾಟಿಗೆ ರಸ್ತೆ ಬಿಟ್ಟು ಹೋಗಲು ಜಾಗವಿಲ್ಲ, ಕಾರಿನ ಮುಂದೆಯೇ ಓಡುತ್ತದೆ. ಹಿಂದೆ ಹೋದಷ್ಟೂ ಅದು ದಣಿದು ತಿರುಗಿ ನಿಲ್ಲುವ ಸಂಭವ ಹೆಚ್ಚು. ಕಾರು ನಿಲ್ಲಿಸಿ, ಅದು ಹತ್ತುವ ಜಾಗ ಹುಡುಕಿಕೊಳ್ಳುತ್ತದೆ. ಒಂಟಿ ಗಂಡು ಮೈಯನ್ನು ಅಡ್ಡ ತಿರುಗಿಸಿ, ಬೆನ್ನು ಉಬ್ಬಿಸಿ, ತಲೆ ತಗ್ಗಿಸಿ ಬುಸುಗುಟ್ಟಿದರೆ ಎಚ್ಚರಿಕೆ ಕೊಡುತ್ತಿದೆ ಎಂದರ್ಥ. ನಿಧಾನ ಹಿಂದಕ್ಕೆ ತೆಗೆಯಿರಿ. ಶೆಟ್ಟಿಹಳ್ಳಿ, ಭದ್ರಾ ಅಂಚಿನಲ್ಲಿ ರಸ್ತೆಯ ಮೇಲೆ ಹಸಿ ಲದ್ದಿ, ಸಿಗಿದ ಬಗನಿ ಮರ, ಮುರಿದ ಬಿದಿರು ಕಂಡರೆ ಕಾಡಾನೆ ಹತ್ತಿರವಿದೆ. ಅಲ್ಲಿ ಕಿಟಕಿ ಇಳಿಸಿ ಕಾಯುವ ಕ್ರಮ ಬೇಡ, ಹಿಂದಿರುಗಿ.

ಸಿಂಗಳೀಕ ಮರದ ಮೇಲ್ಛಾವಣಿಯ ಪ್ರಾಣಿ. ಕಪ್ಪು ಮೈ, ಮುಖದ ಸುತ್ತ ಬೂದು ಕೇಸರ, ಬಾಲದ ತುದಿಯಲ್ಲಿ ಕುಚ್ಚು. ಮೇಲಿನಿಂದ ಎಲೆ, ಕಾಯಿ ಉದುರುತ್ತಿದ್ದು ಮುಸಿಯದ ಉದ್ದ ಬಾಲ ಕಾಣದಿದ್ದರೆ ದುರ್ಬೀನು ಎತ್ತಿ. ಮಗಳನ್ನು ಇಳಿಸದೆ ಕಾರಿನಿಂದಲೇ ತೋರಿಸಿ. ಶರಾವತಿ ಕಣಿವೆಯ ಅಭಯಾರಣ್ಯವನ್ನು 2019ರಲ್ಲಿ ಹಿಗ್ಗಿಸಿ ಸಿಂಗಳೀಕದ ಹೆಸರನ್ನೇ ಕೊಟ್ಟದ್ದು ಇವುಗಳ ಉಳಿವಿಗಾಗಿ. ಘಾಟಿಯ ಕಟ್ಟೆಯ ಮೇಲೆ ಕೂತ ಮಂಗಗಳಿಗೆ ಬಿಸ್ಕತ್ತು, ಬಾಳೆಹಣ್ಣು ಹಾಕುವುದನ್ನು ನೋಡಿ ಸಿಂಗಳೀಕವೂ ಕೆಳಗಿಳಿಯಲು ಕಲಿತರೆ ಅದರ ಕತೆ ಟೈರಿನ ಕೆಳಗೆ ಮುಗಿಯುತ್ತದೆ. ದಯವಿಟ್ಟು ಯಾವುದಕ್ಕೂ ಏನೂ ಹಾಕಬೇಡಿ, ಸಿಪ್ಪೆಯನ್ನೂ ಎಸೆಯಬೇಡಿ.

ಗಾಯಗೊಂಡ ಪ್ರಾಣಿ ಸಿಕ್ಕರೆ ಅರಣ್ಯ ಸಹಾಯವಾಣಿ 1926. ಹೇಳುವಾಗ ಹತ್ತಿರದ ಕಿಲೋಮೀಟರ್ ಕಲ್ಲಿನ ಸಂಖ್ಯೆ ಕೊಟ್ಟರೆ ಅವರಿಗೆ ಜಾಗ ಬೇಗ ಸಿಗುತ್ತದೆ.

ಸಂಪೆಕೊಪ್ಪ:

ಇಳಿದು ಓಡಾಡುವ ಬಗ್ಗೆ ಯಾರೂ ಬರೆದಿಲ್ಲ. ಗದ್ದೆಯಂಚಿಗೆ ಫೋಟೋಕ್ಕೆಂದು ಇಳಿಯಬೇಡಿ. ಭತ್ತ ಬಲಿಯುವ ಈ ತಿಂಗಳಲ್ಲಿ ಬೇಲಿಗೆ ಕರೆಂಟು ಹರಿಸಿರುತ್ತಾರೆ. ಸೋಲಾರ್ ಬೇಲಿಯಾದರೆ ಝಟ್ಟೆಂದು ಹೊಡೆದು ಬಿಡುತ್ತದೆ, ಕದ್ದು ಮುಚ್ಚಿ ನೇರ ಲೈನಿನಿಂದ ಎಳೆದಿದ್ದರೆ ಜೀವ ಹೋಗುತ್ತದೆ. ನೋಡಿದರೆ ಎರಡೂ ಒಂದೇ ತಂತಿ. ಹುಲ್ಲಿನಲ್ಲಿ ತಂತಿ ಕಂಡರೆ ಮುಟ್ಟದೆ ಹಿಂದಿರುಗಿ.

ಉಂಬಳ (ಜಿಗಣೆ) ನೆರಳಿನ ಜಾಗದಲ್ಲಿ ನವೆಂಬರ್ ತನಕ ಇರುತ್ತದೆ. ಪ್ಯಾಂಟನ್ನು ಕಾಲುಚೀಲದೊಳಗೆ ಸೇರಿಸಿ, ಕಾಲುಚೀಲಕ್ಕೆ ನಸ್ಯ ಅಥವಾ ಉಪ್ಪು ತಿಕ್ಕಿ. ಹಿಡಿದರೆ ಕಿತ್ತೆಳೆಯಬೇಡಿ, ಉಪ್ಪು ಮುಟ್ಟಿಸಿದರೆ ಬಿಡುತ್ತದೆ.

ಉಂಬಳಕ್ಕಿಂತ ಉಣುಗಿನ (ಉಣ್ಣೆಹುಳದ) ಕಡೆ ಗಮನ ಕೊಡಿ. ಅದರಿಂದ ಹರಡುವ ಮಂಗನ ಕಾಯಿಲೆ ಮೊದಲು ಪತ್ತೆಯಾದದ್ದು 1957ರಲ್ಲಿ, ನಮ್ಮ ಸೊರಬದ ಕ್ಯಾಸನೂರು ಕಾಡಿನಲ್ಲಿ. ಹಂಗಾಮು ಮುಖ್ಯವಾಗಿ ಡಿಸೆಂಬರಿನಿಂದ ಮೇ ತನಕ, ಆದರೆ ಅಭ್ಯಾಸ ಈಗಿನಿಂದಲೇ ಇರಲಿ. ದರಕಿನ ಮೇಲೆ ಕೂರಬೇಡಿ, ಇಳಿಯುವುದಿದ್ದರೆ ಕೈಕಾಲಿಗೆ ಉಣುಗು ಹತ್ತದಂತೆ ತಡೆಯುವ ಡೀಪಾ ತೈಲ ಹಚ್ಚಿ, ಈ ಭಾಗದ ಆಸ್ಪತ್ರೆಗಳಲ್ಲಿ ಅದನ್ನು ಹಂಚುತ್ತಾರೆ. ಸಂಜೆ ತಂಗುವ ಕಡೆ ಬಿಸಿನೀರಿನ ಸ್ನಾನ, ಬಟ್ಟೆ ಬಿಸಿನೀರಿಗೆ, ಮಗಳ ಕಿವಿಯ ಹಿಂದೆ, ಕಂಕುಳು, ಮಂಡಿಯ ಹಿಂಭಾಗ ನೋಡಿ. ಸತ್ತ ಮಂಗ ಕಂಡರೆ ಹತ್ತಿರ ಹೋಗದೆ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ತಿಳಿಸಿ, ಅದರ ಮೈ ಬಿಟ್ಟ ಉಣುಗು ಸುತ್ತಲ ನೆಲದಲ್ಲಿರುತ್ತದೆ. ಉಣುಗು ಕಚ್ಚಿ ಮೂರರಿಂದ ಎಂಟು ದಿನದಲ್ಲಿ ಜೋರು ಜ್ವರ, ತಲೆನೋವು, ಮೈಕೈ ನೋವು ಬಂದರೆ ಯಾವ ಊರಿನ ಕಾಡಂಚಿನಲ್ಲಿ ಯಾವ ದಿನ ಓಡಾಡಿದ್ದಿರಿ ಎಂಬುದನ್ನು ವೈದ್ಯರಿಗೆ ಮೊದಲೇ ಹೇಳಿ. ಅಪ್ಪ-ಅಮ್ಮನ ವಯಸ್ಸಿಗೆ ಇದು ಇನ್ನೂ ಮುಖ್ಯ.